ಹಾರುವ ಏರೋಪ್ಲೇನ್ ಚಿಟ್ಟೆಗೆ ಹಗುರವಾದೊಂದು ಟೆಲಿಫೋಟೊ: ಕ್ಯಾನನ್ ಆರ್‌ಎಫ್ 100-400 ಮಿ.ಮೀ.

ಟೆಲಿಫೋಟೊ ಲೆನ್ಸ್ ಕೊಳ್ಳಹೊರಟವರು ಮೊದಲು ವಿಚಾರಿಸುವುದು ಅದು ಎಷ್ಟು ದೂರದ್ದನ್ನು ಹತ್ತಿರಕ್ಕೆ ತರುತ್ತದೆ ಎಂಬುದನ್ನು. ಹಕ್ಕಿಗಳ ಮಟ್ಟಿಗೆ ಆ ಪ್ರಶ್ನೆ ಸರಿಯೇ. ಆದರೆ ಹಾರುತ್ತಿರುವ ಡ್ರ್ಯಾಗನ್‌ಫ್ಲೈಯನ್ನು, ಮಕ್ಕಳ ಬಾಯಿಯ ಏರೋಪ್ಲೇನ್ ಚಿಟ್ಟೆಯನ್ನು, ಚಿತ್ರದಲ್ಲಿ ಹಿಡಿಯಬೇಕೆನ್ನುವವರು ಮೊದಲು ಕೇಳಬೇಕಾದದ್ದು ಆ ಲೆನ್ಸ್ ಎಷ್ಟು ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತದೆ ಎಂಬುದನ್ನು. ಕ್ಯಾನನ್ ಕಂಪನಿ 2021ರಲ್ಲಿ ಹೊರತಂದ ಆರ್‌ಎಫ್ 100-400 ಮಿ.ಮೀ. ಲೆನ್ಸನ್ನು (ಈ ಮಿ.ಮೀ. ಅಂಕಿ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ) ಅದೇ ಕಂಪನಿಯ ಆರ್7 ಕ್ಯಾಮೆರಾಕ್ಕೆ ಜೋಡಿಸಿಕೊಂಡು ಕಾಸರಗೋಡಿನ ಪಾರೆಗಳಲ್ಲೂ, ಅಂದರೆ ಮುರಕಲ್ಲಿನ ಬಯಲುಗಳಲ್ಲೂ, ಗದ್ದೆಗಳಲ್ಲೂ ಬಳಸಿದ ಬಳಿಕ, ಇದೊಂದು ಪ್ರಶ್ನೆಗೆ ಅದು ಕೊಡುವ ಉತ್ತರದ ಬಲದಿಂದಲೇ ಅದರ ಉಳಿದ ಕೊರತೆಗಳನ್ನು ಬಹುಮಟ್ಟಿಗೆ ಸಹಿಸಿಕೊಳ್ಳಬಹುದು ಎಂಬುದು ನನ್ನ ತೀರ್ಮಾನ.

ಹಕ್ಕಿ ಛಾಯಾಗ್ರಾಹಕರು ಬಹುಕಾಲ ಮೆಚ್ಚಿಕೊಂಡಿದ್ದ ಕ್ಯಾನನ್‌ನ ಹಳೆಯ 400 ಮಿ.ಮೀ. ಎಫ್/5.6 ಲೆನ್ಸ್ ಮೂರೂವರೆ ಮೀಟರಿಗಿಂತ ಹತ್ತಿರ ಬಂದದ್ದನ್ನು ಸ್ಪಷ್ಟವಾಗಿ ತೋರಿಸಲಾರದು. ಸಿಗ್ಮಾದ 150-600 ಕಂಟೆಂಪೊರರಿ ಲೆನ್ಸಿನ ಮಿತಿ 2.8 ಮೀಟರ್, ನಿಕಾನ್ 200-500ರದ್ದು 2.2 ಮೀಟರ್. ಕೆರೆಯಂಚಿನಲ್ಲಿ ಗಸ್ತು ತಿರುಗುವ ಡ್ರ್ಯಾಗನ್‌ಫ್ಲೈ ನಮ್ಮತ್ತ ಹಾದುಬರುವುದು ಸರಿಸುಮಾರು ಎರಡು ಮೂರು ಮೀಟರ್ ಅಂತರದಲ್ಲಿ. ಅಂದರೆ ಚಿತ್ರ ಸಿಗಬೇಕಾದ ಜಾಗದಲ್ಲಿಯೇ ಈ ದೊಡ್ಡ ಲೆನ್ಸುಗಳು ಕೈಚೆಲ್ಲುತ್ತವೆ. ಆರ್‌ಎಫ್ 100-400ರ ಕನಿಷ್ಠ ಫೋಕಸ್ ದೂರ 0.88 ಮೀಟರ್; 400 ಮಿ.ಮೀ.ಗೆ ಎಳೆದಾಗ ಅದು ಸ್ವಲ್ಪ ಹೆಚ್ಚಿದರೂ ಗರಿಷ್ಠ ವರ್ಧನೆ 0.41 ಪಟ್ಟು, ಅಂದರೆ ಸೆನ್ಸರಿನ (ಕ್ಯಾಮೆರಾದೊಳಗೆ ಬೆಳಕನ್ನು ಗ್ರಹಿಸುವ ಫಲಕದ) ಮೇಲೆ ವಸ್ತು ತನ್ನ ನಿಜ ಗಾತ್ರದ 0.41ರಷ್ಟಾಗಿ ಮೂಡುತ್ತದೆ. ಆರ್7ರ ಸೆನ್ಸರಿನ ಅಗಲ 22.3 ಮಿ.ಮೀ. ಆದ್ದರಿಂದ ಅತಿ ಸಮೀಪದಲ್ಲಿ ಇಡೀ ಚೌಕಟ್ಟಿನೊಳಗೆ ಹಿಡಿಸುವುದು ಸುಮಾರು ಐದೂವರೆ ಸೆಂಟಿಮೀಟರ್ ಅಗಲದ ದೃಶ್ಯ ಮಾತ್ರ. ಎಂಟು ಸೆಂಟಿಮೀಟರಿನಷ್ಟು ರೆಕ್ಕೆ ಹರಡುವ ಕೀಟಕ್ಕೆ ಅದು ಸಾಲುವುದೇ ಇಲ್ಲ, ಹಿಂದೆ ಸರಿಯಬೇಕಾಗುತ್ತದೆ. ಮ್ಯಾಕ್ರೊ ಲೆನ್ಸಿನಲ್ಲಿ ಈ ವರ್ಧನೆ ದೊರೆಯುವುದಾದರೂ ಅಷ್ಟು ಸಮೀಪಕ್ಕೆ ಹಾರುವ ಕೀಟ ನಮ್ಮನ್ನು ಬಿಟ್ಟುಕೊಳ್ಳುವುದಿಲ್ಲ.

ತೂಕ 635 ಗ್ರಾಂ. ಕುಂಬಳೆ ಸಮೀಪದ ಕಿದೂರಿನಲ್ಲಾಗಲಿ, ಧರ್ಮತ್ತಡ್ಕದ ಪೊಸಡಿಗುಂಪೆಯಲ್ಲಾಗಲಿ, ಮುರಕಲ್ಲಿನ ಪಾರೆಯ ಬಿಸಿಲಿನಲ್ಲಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದುಕೊಂಡೇ ತಿರುಗುತ್ತಿರಬೇಕಾದ ಈ ಕೆಲಸದಲ್ಲಿ ಆ ಅಂಕಿಯ ಬೆಲೆ ತೋಳಿಗೆ ಗೊತ್ತಾಗುತ್ತದೆ. ಇಲ್ಲಿ ಟ್ರೈಪಾಡ್ ನಿರುಪಯೋಗಿ, ಒಂಟಿಗಾಲಿನ ಮಾನೊಪಾಡ್ ಕೂಡ ಅಡ್ಡಿಯೇ.

ಮಳೆಗಾಲದಲ್ಲಿ ಪಾರೆಯ ಪಳ್ಳಗಳಲ್ಲಿ (ತಗ್ಗಿನ ಕೊಳಗಳಲ್ಲಿ) ನೀರು ನಿಂತಿತೆಂದರೆ ಅಲ್ಲಿಗೆ ಬರುವವುಗಳಲ್ಲಿ ಪ್ರಮುಖವಾದದ್ದು ಪ್ಯಾಂಟಾಲ ಫ್ಲಾವೆಸೆನ್ಸ್, ಮಲಯಾಳದವರು ತುಲಾತುಂಬಿ ಎನ್ನುವ ಅಲೆಮಾರಿ ಕೀಟ. ಒಂದೂವರೆ ಎರಡು ತಿಂಗಳಲ್ಲಿ ಮರಿಹಂತ ಮುಗಿಸಿಬಿಡಬಲ್ಲ ಇದಕ್ಕೆ ಬೇಗನೆ ಬತ್ತುವ ಇಂತಹ ನೀರೇ ಸಾಕು. ಭಾರತದಿಂದ ಮಾಲ್ದೀವ್ಸ್ ಮಾರ್ಗವಾಗಿ ಇವು ಪೂರ್ವ ಆಫ್ರಿಕಾಕ್ಕೆ ಸಮುದ್ರ ದಾಟುತ್ತವೆಂದು ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ 2009ರ ತಮ್ಮ ಪ್ರಬಂಧದಲ್ಲಿ ವಾದಿಸಿದ್ದಾರೆ. ಅಷ್ಟು ದೂರದ ಹಾರಾಟಕ್ಕೆ ಒದಗುವ ಅಗಲವಾದ ಹಿಂರೆಕ್ಕೆಗಳು ಛಾಯಾಗ್ರಾಹಕನಿಗೂ ಉಪಕಾರಿ. ಏಕೆಂದರೆ ಈ ಕೀಟ ನಡುನಡುವೆ ರೆಕ್ಕೆ ಬಡಿಯುವುದನ್ನು ನಿಲ್ಲಿಸಿ ತೇಲುತ್ತದೆ, ಆ ಕ್ಷಣದಲ್ಲಿ 1/2000 ಸೆಕೆಂಡಿನ ಶಟರ್ ಕೂಡ ರೆಕ್ಕೆಯ ನರಗಳನ್ನು ಬಿಡಿಬಿಡಿಯಾಗಿ ತೋರಿಸಬಲ್ಲದು. ಹೊಸದಾಗಿ ಕಲಿಯುವವರು ಇದರಿಂದಲೇ ಆರಂಭಿಸುವುದು ಒಳ್ಳೆಯದು. ನೀರ್ಚಾಲು, ಬೇಳ ಕಡೆಯಂತಹ ಬೈಲುಗದ್ದೆಗಳ ಸಣ್ಣ ಜಾತಿಗಳು ಹಸುರು ಪೈರಿನ ನಡುವೆಯೇ ಹಾರುವುದರಿಂದ ಕಷ್ಟ ಇಮ್ಮಡಿ.

ಈ ಲೆನ್ಸಿನ ಬಗ್ಗೆ ಹೆಚ್ಚಾಗಿ ಕೇಳಿಬರುವ ಆಕ್ಷೇಪ, 400 ಮಿ.ಮೀ.ಯಲ್ಲಿ ಅದರ ದ್ಯುತಿರಂಧ್ರ (ಬೆಳಕು ಒಳಬರುವ ಕಂಡಿ) ಎಫ್/8ಕ್ಕಿಂತ ಹಿರಿದಾಗುವುದಿಲ್ಲ ಎಂಬುದು. ಎಫ್ ಅಂಕಿ ಹೆಚ್ಚಿದಷ್ಟೂ ಕಂಡಿ ಕಿರಿದು, ಒಳಬರುವ ಬೆಳಕು ಕಡಿಮೆ, ಸ್ಪಷ್ಟತೆಯ ಆಳ ಹೆಚ್ಚು. ಆಕ್ಷೇಪ ನಿಜ, ಆದರೆ ಈ ಕೆಲಸಕ್ಕೆ ಅದು ಅರ್ಧ ಮಾತ್ರ ಅನ್ವಯಿಸುತ್ತದೆ. ಎರಡೂವರೆ ಮೀಟರ್ ದೂರದಲ್ಲಿ ಎಫ್/8ರಲ್ಲಿಯೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಸೆಂಟಿಮೀಟರ್ ಅಷ್ಟೆ. ಎಫ್/4ರ ಲೆನ್ಸ್ ಕೈಯಲ್ಲಿದ್ದರೂ ಕಣ್ಣಿನಿಂದ ಬಾಲದ ತುದಿಯವರೆಗೆ ಸ್ಪಷ್ಟತೆ ಬೇಕಾದವನು ಅದನ್ನು ಎಫ್/8ಕ್ಕೆ ಇಳಿಸಲೇಬೇಕು. ಕೀಟ ಪಕ್ಕಕ್ಕೆ ಹಾಯುವಾಗ, ಅದರ ಮೈಯುದ್ದಕ್ಕೆ ಸೆನ್ಸರು ಸಮಾನಾಂತರವಾಗಿರುವಂತೆ ನಿಲ್ಲುವುದು ಇದೇ ಕಾರಣಕ್ಕೆ. ಆದರೆ ಬೆಳಕಿನ ಲೆಕ್ಕದಲ್ಲಿ ಎಫ್/8 ತನ್ನ ಸುಂಕವನ್ನು ವಸೂಲು ಮಾಡಿಯೇ ತೀರುತ್ತದೆ. ನಿಚ್ಚಳ ಬಿಸಿಲಿನಲ್ಲಿ 1/3200 ಸೆಕೆಂಡಿನ ಶಟರಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಅಳತೆ) 800 ಸಾಕು. ಮೋಡ ಕವಿದರೆ ಅದು 3200, 6400ಕ್ಕೆ ಏರಿ ರೆಕ್ಕೆಯ ಸೂಕ್ಷ್ಮ ಜಾಲದ ಮೇಲೆ ಮರಳು ಸುರಿದಂತಾಗುತ್ತದೆ. ಆಟಿ ತಿಂಗಳ, ಅಂದರೆ ತುಂಬು ಮಳೆಗಾಲದ, ಬೆಳಕನ್ನು ಬಲ್ಲ ನಮ್ಮ ಕಡೆಯವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗದು.

ಫೋಕಸಿನ ವೇಗದ ಬಗ್ಗೆ ದೂರಿಲ್ಲ. ಫೋಕಸ್ ಮಾಡುವ ನ್ಯಾನೊ ಯುಎಸ್‌ಎಂ ಮೋಟಾರು ಚುರುಕು, ಸದ್ದೂ ಕಡಿಮೆ. ಕೊರತೆಯಿರುವುದು ಫೋಕಸಿನ ವ್ಯಾಪ್ತಿಯನ್ನು ಮಿತಗೊಳಿಸುವ ಸ್ವಿಚ್ಚಿನದು. ಒಮ್ಮೆ ಗುರಿ ತಪ್ಪಿತೆಂದರೆ ಲೆನ್ಸ್ ಹಿಂದಿನ ಪೊದೆಯನ್ನೋ ದಿಗಂತವನ್ನೋ ಹುಡುಕಿಕೊಂಡು ಹೋಗಿ ಮರಳುವಷ್ಟರಲ್ಲಿ ಕೀಟ ಪಳ್ಳದ ಆಚೆ ದಡದಲ್ಲಿರುತ್ತದೆ. ಆರ್7 ಕ್ಯಾಮೆರಾ ಗುರುತಿಸುವ ಪ್ರಾಣಿಗಳು ನಾಯಿ, ಬೆಕ್ಕು, ಹಕ್ಕಿ. ಕೀಟ ಆ ಪಟ್ಟಿಯಲ್ಲಿಲ್ಲ. ಸೋನಿ ಕಂಪನಿ 2022ರ ಎ7ಆರ್5 ಕ್ಯಾಮೆರಾದಲ್ಲಿ ಕೀಟಗಳಿಗೆಂದೇ ಒಂದು ಆಯ್ಕೆ ಕೊಟ್ಟಿದೆ, ಕ್ಯಾನನ್ ಬಳಗದವರು ಅಸೂಯೆಪಡಲು ಅದು ನ್ಯಾಯವಾದ ಕಾರಣ. ಆದ್ದರಿಂದ ಆರ್7ರಲ್ಲಿ ಪ್ರಾಣಿಗಳ ಗುರುತಿಸುವಿಕೆಯನ್ನು ನಿಲ್ಲಿಸಿಟ್ಟು, ಚಿಕ್ಕ ವಲಯದ ಫೋಕಸ್ ಆಯ್ದುಕೊಂಡು, ಕೀಟ ಹಾಯುವ ದೂರದಲ್ಲಿರುವ ಒಂದು ಹುಲ್ಲಿನೆಸಳಿನ ಮೇಲೆ ಮೊದಲೇ ಫೋಕಸ್ ಮಾಡಿಟ್ಟುಕೊಂಡರೆ ಲೆನ್ಸ್ ಕ್ರಮಿಸಬೇಕಾದ ದಾರಿ ಕಿರಿದಾಗುತ್ತದೆ. ಗಂಡು ತನ್ನ ಗಡಿಯನ್ನು ಸುತ್ತಿ ಮತ್ತೆ ಮತ್ತೆ ಅದೇ ದಾರಿಗೆ ಬರುವುದರಿಂದ ಈ ಉಪಾಯ ಫಲಿಸುತ್ತದೆ. ಜೂಮ್ ಇರುವುದು ಇನ್ನೊಂದು ಅನುಕೂಲ: 200 ಮಿ.ಮೀ.ಯಲ್ಲಿ ಕೀಟವನ್ನು ಚೌಕಟ್ಟಿಗೆ ತಂದುಕೊಂಡು, ಅದು ನೆಲೆನಿಂತು ಹಾರುವಾಗ 400ಕ್ಕೆ ಎಳೆಯಬಹುದು.

ಕ್ಯಾಮೆರಾದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ, ಏಕೆಂದರೆ ಇಲ್ಲಿ ಕೆಡುವ ಚಿತ್ರಗಳಿಗೆ ಲೆನ್ಸನ್ನು ದೂರುವವರಿದ್ದಾರೆ. ಡ್ರ್ಯಾಗನ್‌ಫ್ಲೈ ಸೆಕೆಂಡಿಗೆ 30ರಿಂದ 40 ಸಲ ರೆಕ್ಕೆ ಬಡಿಯುತ್ತದೆ. ಆರ್7ರ ಎಲೆಕ್ಟ್ರಾನಿಕ್ ಶಟರ್ ಸೆಕೆಂಡಿಗೆ 30 ಚಿತ್ರಗಳ ಆಸೆ ತೋರಿಸುತ್ತದೆಯಾದರೂ, ಸೆನ್ಸರನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಲು ಅದಕ್ಕೆ ಹೆಚ್ಚುಕಡಿಮೆ ಒಂದು ರೆಕ್ಕೆಬಡಿತದಷ್ಟೇ ಸಮಯ ಬೇಕು. ಹೀಗಾಗಿ ಶಟರ್ ವೇಗ ಎಷ್ಟೇ ಇರಲಿ, ರೆಕ್ಕೆಗಳು ಡೊಂಕಾಗಿ ತಿರುಚಿಕೊಂಡು ಮೂಡುತ್ತವೆ. ಯಾಂತ್ರಿಕ ಶಟರಿನ 15 ಚಿತ್ರಗಳೇ ಲೇಸು. ರೆಕ್ಕೆಯ ತುದಿ ಸೆಕೆಂಡಿಗೆ ನಾಲ್ಕೈದು ಮೀಟರ್ ವೇಗದಲ್ಲಿ ಚಲಿಸುತ್ತದೆಂದು ಹಿಡಿದರೂ 1/4000 ಸೆಕೆಂಡಿನಲ್ಲಿ ಅದು ಒಂದು ಮಿಲಿಮೀಟರಿಗೂ ಮೀರಿ ಜರುಗಿರುತ್ತದೆ. ತುದಿಯಲ್ಲಿ ಉಳಿಯುವ ಆ ಸಣ್ಣ ಮಸುಕನ್ನು ನಾನು ದೋಷವೆಂದು ಎಣಿಸುವುದಿಲ್ಲ, ಚಿತ್ರ ಹಾರಾಟದ್ದೆಂದು ತೋರುವುದು ಅದರಿಂದಲೇ.

ನಮ್ಮ ಹವೆಗೆ ಈ ಲೆನ್ಸ್ ಹೇಳಿಮಾಡಿಸಿದ್ದಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುವ ಜಿಲ್ಲೆಯಲ್ಲಿ, ನೀರು ಧೂಳುಗಳ ತಡೆಯಿಲ್ಲದ ಲೆನ್ಸ್ ಹಿಡಿದು ಪಾರೆಯ ಮೇಲೆ ನಿಲ್ಲುವುದೆಂದರೆ ಕೊಡೆ ಹಿಡಿಯಲು ಜತೆಗೊಬ್ಬರು ಬೇಕು. ಲೆನ್ಸಿನ ಮುಂದೆ ನೆರಳಿಗೆ ಹಾಕುವ ಹುಡ್ ಕೂಡ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಈ ಜಿಪುಣತನಕ್ಕೆ ಸಮರ್ಥನೆ ಕಾಣೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಲೆನ್ಸನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡಬೇಕು. ಗಾಜಿನೊಳಗೆ ಬೂಸ್ಟು ಹಿಡಿದರೆ ದುರಸ್ತಿಗೆ ಮಂಗಳೂರಿನತ್ತಲೋ ಇನ್ನೂ ದೂರಕ್ಕೋ ಕಳುಹಿಸಬೇಕಾಗುತ್ತದೆ, ಖರ್ಚೂ ಸಣ್ಣದಲ್ಲ.

ಮಳೆಯಲ್ಲೇ ಕೆಲಸ ಮಾಡುವವರಿಗೆ, ಮುಂಜಾನೆಯ ಮಬ್ಬಿನಲ್ಲಿ ಹಕ್ಕಿಗಳನ್ನೂ ತೆಗೆಯುವವರಿಗೆ ಆರ್‌ಎಫ್ 100-500 ಎಲ್ ಲೆನ್ಸ್ ಹೆಚ್ಚು ತಕ್ಕದ್ದು. ಅದಕ್ಕೆ ಹವೆಯ ರಕ್ಷಣೆಯಿದೆ, 500 ಮಿ.ಮೀ.ಯಲ್ಲಿ ಎಫ್/7.1 ಇದೆ, ಆದರೆ ತೂಕ ಇಮ್ಮಡಿಗೂ ಹೆಚ್ಚು, ಬೆಲೆ ಹಲವು ಪಟ್ಟು, ಗರಿಷ್ಠ ವರ್ಧನೆಯೂ 0.33ಕ್ಕೆ ಇಳಿಯುತ್ತದೆ. ಬಿಸಿಲಿರುವ ಹೊತ್ತಿನಲ್ಲಿ ಡ್ರ್ಯಾಗನ್‌ಫ್ಲೈಗಳ ಹಿಂದೆ ಹೋಗುವುದೇ ಮುಖ್ಯವೆನ್ನುವವರು ಆ ಹೆಚ್ಚುವರಿ ಹಣವನ್ನು ಉಳಿಸಿಕೊಳ್ಳಬಹುದು.