ಯೂರಿಯಾ ಕದಡಿದ ಬಕೆಟ್ ಕೊಟ್ಟಿಗೆ ಹತ್ರ ಇಡಬೇಡ್ರಪ್ಪಾ

ದನ ಕಟ್ಟಿರೋರು ಇದನ್ನ ಪೂರ್ತಿ ಓದ್ರಿ. ಹೋದ ವಾರ ನಮ್ಮ ಎಚ್‌ಎಫ್ (ಕಪ್ಪು-ಬಿಳಿ ಸೀಮೆ ತಳಿ) ಹಸು ಹೋಯ್ತು, ಎರಡನೇ ಸೂಲಿಂದು, ತಪ್ಪು ನಂದೇ.

ನಮ್ದು ದಾವಣಗೆರೆ ತಾಲ್ಲೂಕು, ಆನಗೋಡು ಕಡೆ. ಮಳೆ ಕೈಕೊಟ್ಟು ಮೆಕ್ಕೆಜೋಳ ಹಳದಿ ತಿರುಗಿತ್ತು, ಒಣ ನೆಲಕ್ಕೆ ಯೂರಿಯಾ ಎರಚಿದ್ರೆ ಒಂದಷ್ಟು ಗಾಳಿಗೇ ಹೋಗುತ್ತಲ್ಲ ಅಂತ ಎಲೆಗೆ ಹೊಡೆಯಾಕೆ ಹೊರಟೆ. ಗಡ್ಡೆ ಕಟ್ಟಿದ್ದ 2 ಕೆಜಿ ಯೂರಿಯಾನ ಒಂದು ಬಕೆಟ್ ನೀರಿಗೆ ಹಾಕಿ ಕೈಯಲ್ಲೇ ಕದಡಿದೆ, ಕರಗ್ತಾ ಕರಗ್ತಾ ನೀರು ಫ್ರಿಡ್ಜ್‌ನಾಗೆ ಇಟ್ಟಂಗೆ ತಣ್ಣಗಾತು. ಅರ್ಧ ಬಕೆಟ್ ಉಳೀತು. ಅದು ಅವ್ವ ದಿನಾ ಮುಸುರೆ ಇಡೋ ಬಕೆಟ್ಟೇ, ಹಸು ಹಗ್ಗ ಬಿಚ್ಚಿದ ಕೂಡ್ಲೇ ಸೀದಾ ಬಂದು ಮೂತಿ ಇಟ್ಟೇಬಿಡ್ತು, ತಳದಾಗೆ ಉಳಿದಿದ್ದನ್ನ ಎಮ್ಮೆ ನೆಕ್ತು.

ಪಕ್ಕದ್ಮನೆ ಕಾಕಾ "ಏನಾಗಲ್ಲ ಬಿಡೋ ತಮ್ಮಾ, ಹುಲ್ಲಿಗೇ ಯೂರಿಯಾ ಹಾಕಿ ತಿನ್ನಿಸ್ತಾರೆ, ಅದೂ ಈಗ ಬೇವು ಲೇಪನದ್ದು" ಅಂದ್ರು, ನಾನೂ ಸುಮ್ನಾದೆ. ಹುಲ್ಲಿಗೆ ಹಾಕೋದು ನಿಜ, ಆದ್ರೆ 100 ಕೆಜಿಗೆ 4 ಕೆಜಿ ಲೆಕ್ಕದಾಗೆ ನೀರಲ್ಲಿ ಚಿಮುಕಿಸಿ ಮೂರು ವಾರ ಗಾಳಿ ಆಡದಂಗೆ ಮುಚ್ಚಿಟ್ಟು ಆಮೇಲೆ ಆರಿಸಿ ಕೊಡೋದು. ಬೇವಿನೆಣ್ಣೆ ಇರೋದು ಮಣ್ಣಲ್ಲಿ ಸಾರಜನಕ ಬೇಗ ಪೋಲಾಗದಿರ್ಲಿ ಅಂತ, ದನದ ಹೊಟ್ಟೆ ಕಾಯಾಕಲ್ಲ.

ಅರ್ಧ ಗಂಟೆ ಆಗಿಲ್ಲ, ಹಸು ಕಿವಿ ಪಟಪಟ ಅದುರಾಕೆ ಶುರುವಾತು, ಮೈಯೆಲ್ಲ ನಡುಕ, ಬಾಯಾಗೆ ನೊರೆ, ಎಡಗಡೆ ಹೊಟ್ಟೆ ಉಬ್ಬಿ ಬಡಿದ್ರೆ ತಮಟೆ ಸದ್ದು. ಒಂದ್ಸಲ ಕೂಗಿ ಬಿತ್ತು. ಡಾಕ್ಟ್ರು ಬರೋದ್ರೊಳಗೆ ಮುಗಿದಿತ್ತು.

ಅವರು ಹೇಳಿದ್ದು: ಯೂರಿಯಾದಾಗೆ 46% ಸಾರಜನಕ, ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನ ಒಡೆದು ಅಮೋನಿಯಾ ಮಾಡ್ತಾವೆ, ಸ್ವಲ್ಪ ಇದ್ರೆ ಅದ್ರಿಂದ್ಲೇ ಪ್ರೋಟೀನ್ ಕಟ್ಕೊಳ್ತಾವೆ, ಒಂದೇ ಸಲ ಜಾಸ್ತಿ ಆದ್ರೆ ಅಮೋನಿಯಾ ರಕ್ತಕ್ಕೆ ನುಗ್ಗುತ್ತೆ. ರೂಢಿ ಇಲ್ಲದ ದನಕ್ಕೆ ಮೈತೂಕದ ಕೆಜಿಗೆ 1 ಗ್ರಾಂ ಹೋದ್ರೂ ಜೀವಕ್ಕೆ ಕುತ್ತು, ನಮ್ಮ ಬಕೆಟ್‌ನಾಗೆ ಉಳಿದಿದ್ದೇ ಹೆಚ್ಚುಕಮ್ಮಿ 1 ಕೆಜಿ!

ಅಷ್ಟೊತ್ತಿಗೆ ಎಮ್ಮೆನೂ ನಡುಗ್ತಿತ್ತು. "ವಿನೆಗರ್ ತಗೊಂಬಾ, ತಣ್ಣೀರು ತಗೊಂಬಾ" ಅಂದ್ರು. ಹಳ್ಳಿಯಾಗೆ ವಿನೆಗರ್ ಎಲ್ಲಿ ಹುಡುಕ್ಲಿ? ಬಸ್‌ಸ್ಟಾಪ್ ಗೋಬಿ ಮಂಚೂರಿ ಗಾಡಿಗೆ ಓಡಿದೆ, ಹುಡುಗ ಇದ್ದಬದ್ದ ಬಾಟ್ಲಿ ಎಲ್ಲಾ ಕೊಟ್ಟ. ಹುಳಿ ಬಿದ್ರೆ ಅಮೋನಿಯಾ ರಕ್ತಕ್ಕೆ ಸುಲಭಕ್ಕೆ ದಾಟಲ್ವಂತೆ, ತಣ್ಣೀರು ಯೂರಿಯಾ ಒಡೆಯೋದನ್ನ ನಿಧಾನ ಮಾಡುತ್ತಂತೆ. ಡಾಕ್ಟ್ರು ಪೈಪ್ ಹಾಕಿ ಹೊಟ್ಟೆಗೆ ಬಿಟ್ರು. ನೀವಾಗೇ ಗೊಟ್ಟದಾಗೆ (ದನಕ್ಕೆ ಔಷಧಿ ಕುಡಿಸೋ ಬಿದಿರು ಕೊಳವೆ) ಹುಯ್ಯಾಕೆ ಹೋಗ್ಬೇಡ್ರಿ, ಒದ್ದಾಡೋ ದನಕ್ಕೆ ಶ್ವಾಸಕೋಶಕ್ಕೆ ಇಳಿದ್ರೆ ಅದೇ ಸಾಯಿಸುತ್ತೆ. ಕುಡಿದಿದ್ದು ಕಂಡ ತಕ್ಷಣ, ನಡುಕ ಬರೋತನಕ ಕಾಯದೆ, ದನದ ಆಂಬ್ಯುಲೆನ್ಸ್ ಸಹಾಯವಾಣಿ 1962ಕ್ಕೆ ಫೋನ್ ಹಚ್ರಿ. ಖಾಲಿ ಗೊಬ್ಬರದ ಚೀಲ ದನದ ತೊಟ್ಟಿಯಾಗೆ ತೊಳೆಯೋದೂ ಬಿಡ್ರಿ, ಹೊಲಿಗೆ ಸಂದಿಯಾಗೆ ಹಿಡಿಗಟ್ಟಲೆ ಉಳಿದಿರುತ್ತೆ.

ಬಕೆಟ್‌ನ ಅವ್ವ ಅವತ್ತೇ ಒಡೆದು ತಿಪ್ಪೆಗೆ ಎಸೆದ್ಲು. ಎಮ್ಮೆ ಮಾರನೇ ದಿನ ಮೆಲುಕು ಹಾಕ್ತು, ಹಸುವಿನ ಕರುಗೆ ಈಗ ಅದರ ಹಾಲೇ ಬಾಟ್ಲಿಗೆ ಹಾಕಿ ಕುಡಿಸ್ತಿದೀವಿ.