ಗಾಜಿನ ಹೆಂಚು: ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ನಡುಕೋಣೆಯಲ್ಲಿ ಈಗ ಹಗಲು ಹೊತ್ತು ಬಲ್ಬ್ ಹಾಕುವುದಿಲ್ಲ. ಇದನ್ನು ಬರೆಯಲು ಕೂತಿದ್ದೇ ಅದಕ್ಕೆ.

ನಮ್ಮದು ಕೊಡಗಿನ ಭಾಗಮಂಡಲದ ಕಡೆಯ ಹಳೇ ಹೆಂಚಿನ ಮನೆ. ದಪ್ಪ ಮಣ್ಣಿನ ಗೋಡೆ, ಚಿಕ್ಕ ಚಿಕ್ಕ ಕಿಟಕಿ. ನಡುಕೋಣೆಗೆ ನಾಲ್ಕೂ ಕಡೆ ಬೇರೆ ಕೋಣೆಗಳು, ಕಿಟಕಿ ಇಡಲು ಜಾಗವೇ ಇಲ್ಲ. ಮಧ್ಯಾಹ್ನ ಹನ್ನೆರಡು ಗಂಟೆಗೂ ಅಲ್ಲಿ ಅಕ್ಕಿಯೊಳಗಿನ ಕಲ್ಲು ಕಾಣುತ್ತಿರಲಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರದೇ ಇರುವುದೂ ಉಂಟು. ಆಗ ಅತ್ತೆ ಗೋಡೆ ತಡವಿಕೊಂಡು ಓಡಾಡುತ್ತಿದ್ದರು. ಒಂದೇ ಅನುಕೂಲ ಅಂದರೆ ಆ ಕೋಣೆಗೆ ಮಚ್ಚು, ಅಂದರೆ ಹೆಂಚಿನ ಕೆಳಗಿನ ಒಳಛಾವಣಿ, ಇಲ್ಲ. ತಲೆ ಎತ್ತಿದರೆ ನೇರ ಹೆಂಚು. ಬೆಳಕು ಬರುವುದಾದರೆ ಅಲ್ಲಿಂದಲೇ ಬರಬೇಕು.

ಮೊದಲು ಹಾಕಿದ್ದು ಪ್ಲಾಸ್ಟಿಕ್ಕಿನ ಹೆಂಚು. ಕಡಿಮೆ ಬೆಲೆ, ಹಗುರ. ಎರಡು ಬೇಸಿಗೆಯ ಬಿಸಿಲಿಗೆ ಹಳದಿ ತಿರುಗಿತು, ಆಮೇಲೆ ಅಂಚು ಪುಡಿಪುಡಿಯಾಗಿ ಉದುರಲು ಶುರುವಾಯಿತು. ಅದರ ಬಗ್ಗೆ ಇಷ್ಟು ಸಾಕು. ಮೂರು ವರ್ಷದ ಹಿಂದೆ ಕಾಫಿ ಕುಯ್ಲು ಮುಗಿದ ಮೇಲೆ ದಪ್ಪ ಗಾಜಿನ ಹೆಂಚು ತಂದೆ. ನನಗೆ ಒಂದಕ್ಕೆ 320 ರೂಪಾಯಿ ಬಿತ್ತು. ಎತ್ತಿದರೆ ಮಣ್ಣಿನ ಹೆಂಚಿಗಿಂತ ಜಾಸ್ತಿ ಭಾರ.

ಕೂರಿಸುವ ಕೆಲಸ ನಾನೇ ಮಾಡಿದೆ. ಮಂಗಳೂರು ಹೆಂಚಿಗೆ ಮೊಳೆ ಹೊಡೆದಿರುವುದಿಲ್ಲ, ಹಿಂಬದಿಯ ಗುಬ್ಬಿ (ಸಣ್ಣ ಉಬ್ಬು) ರೀಪಿಗೆ, ಅಂದರೆ ಕೆಳಗಿನ ಅಡ್ಡ ಮರದ ಪಟ್ಟಿಗೆ, ಸಿಕ್ಕಿಕೊಂಡು ತನ್ನ ಭಾರಕ್ಕೇ ಕೂತಿರುತ್ತದೆ. ಹಾಗಾಗಿ ಒಳಗಿಂದ ಏಣಿ ಹಾಕಿದರೂ ಆಗುತ್ತದೆ. ಹಳೇ ಹೆಂಚನ್ನು ಸ್ವಲ್ಪ ಮೇಲೆತ್ತಿ, ಅಡ್ಡ ತಿರುಗಿಸಿ, ಎರಡು ರೀಪುಗಳ ನಡುವೆ ಕೆಳಗೆ ತೆಗೆಯಬೇಕು. ಹೊಸದನ್ನು ಅದೇ ದಾರಿಯಲ್ಲಿ ಹೊರಗೆ ಕಳಿಸಿ ಕೂರಿಸಬೇಕು. ಕೆಳಗೆ ಒಬ್ಬರು ನಿಂತಿರಲಿ. ಮಾಡಿನ (ಛಾವಣಿಯ) ಮೇಲೆ ಹತ್ತುವವರು ಗಾಜಿನ ಮೇಲೆ ಯಾವ ಕಾರಣಕ್ಕೂ ಕಾಲಿಡಬೇಡಿ.

ಹಾಕಿದ ಮರುದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗೋಡೆಯ ಮೇಲೆ ಬಿಸಿಲಿನ ಒಂದು ಚೌಕ ಬಂತು. ನಮ್ಮದು ಪೂರ್ವದ ಇಳಿಜಾರಿನಲ್ಲಿರುವ ಹೆಂಚು. ಸೂರ್ಯ ಮೇಲೇರಿದಂತೆ ಚೌಕ ಗೋಡೆಯಿಂದ ಜಾರಿ ನೆಲಕ್ಕೆ ಇಳಿಯುತ್ತದೆ. ಅತ್ತೆ ಅವತ್ತೇ ಮೊರ ತಂದು ಅದರ ಪಕ್ಕ ಕೂತರು. ಅಂದಿನಿಂದ ಅಕ್ಕಿ ಆರಿಸುವುದು, ಪೇಪರ್ ಓದುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅಲ್ಲೇ. ಚೌಕ ಸರಿದ ಹಾಗೆ ಅವರ ಮಣೆಯೂ ಸರಿಯುತ್ತದೆ. ಡಿಸೆಂಬರಿನಲ್ಲಿ ಅದು ಉತ್ತರಕ್ಕೆ ವಾಲಿ ದೇವರ ಕೋಣೆಯ ಬಾಗಿಲವರೆಗೂ ಹೋಗುತ್ತದೆ. ಮೇ ತಿಂಗಳಲ್ಲಿ ಅಡುಗೆಮನೆಯ ಹೊಸಿಲ ಕಡೆ ಬರುತ್ತದೆ. ಇಷ್ಟು ವರ್ಷ ಇದೇ ಮನೆಯಲ್ಲಿದ್ದರೂ ಸೂರ್ಯ ಹೀಗೆ ಜಾಗ ಬದಲಿಸುವುದನ್ನು ನಾನು ಒಳಗೆ ಕೂತು ನೋಡಿರಲಿಲ್ಲ.

ಆಮೇಲೆ ಮಳೆ ಬಂತು.

ಜೂನ್ ಏನೋ ಕಳೆಯಿತು. ನಮ್ಮ ಕೊಡಗಿನ ಮಳೆಯ ತಿಂಗಳು ಕಕ್ಕಡದ 18ರ ದಿನ, ಅಂದರೆ ಆಗಸ್ಟ್ 3, ಮದ್ದು ಸೊಪ್ಪಿನ ಪಾಯಸ ಒಲೆ ಮೇಲಿತ್ತು. ನಡುಕೋಣೆಯಲ್ಲಿ ಟಪ್ ಟಪ್ ಅಂತ ಸದ್ದು. ಗಾಜಿನ ಹೆಂಚಿನ ಎಡ ಅಂಚಿನಿಂದ ನೀರು ಬೀಳುತ್ತಿತ್ತು. ಸಂಜೆಯೊಳಗೆ ಎರಡು ಪಾತ್ರೆ ತುಂಬಿತು, ಪಕ್ಕದ ರೀಪು ನೆನೆದು ಕಪ್ಪಾಯಿತು. ಮಾರಿದವರು ‘ಯಾವ ಮಂಗಳೂರು ಹೆಂಚಿಗಾದರೂ ಸರಿಯಾಗಿ ಕೂರುತ್ತೆ’ ಅಂದಿದ್ದರು. ನಿಜವಾಗಿ ಸಿಟ್ಟು ಬಂತು.

ಅವರ ಮಾತು ಯಾಕೆ ತಪ್ಪು ಅಂತ ಆಮೇಲೆ ಅರ್ಥವಾಯಿತು. ಒಂದು ಹೆಂಚಿನ ಅಂಚಿನ ಉಬ್ಬು ಪಕ್ಕದ ಹೆಂಚಿನ ತೋಡಿನಲ್ಲಿ ಕೂರಬೇಕು. ಈ ಜೋಡಣೆ ಸರಿಯಿದ್ದರೆ ಮಾತ್ರ ನೀರು ಒಳಗೆ ಬರುವುದಿಲ್ಲ. ಆದರೆ ಹೆಂಚಿನ ಅಚ್ಚು ಕಾರ್ಖಾನೆಯಿಂದ ಕಾರ್ಖಾನೆಗೆ ಸ್ವಲ್ಪ ಬೇರೆ. ನಮ್ಮ ಮಾಡಿನಲ್ಲಂತೂ ನಾಲ್ಕು ಬಗೆ ಇದೆ. ಕೆಲವದರ ಬೆನ್ನ ಮೇಲೆ ‘ಬಾಸೆಲ್ ಮಿಷನ್, 1865’ ಅಂತ ಇದೆ. ಅದು ಮಂಗಳೂರಿನಲ್ಲಿ ಆ ಕಾರ್ಖಾನೆ ಶುರುವಾದ ವರ್ಷ, ಮನೆ ಕಟ್ಟಿದ ವರ್ಷ ಅಲ್ಲ. ನಮ್ಮ ಮನೆಯಲ್ಲಿ ತುಂಬಾ ದಿನ ಹಾಗೇ ತಿಳಿದಿದ್ದರು. ಇಷ್ಟು ಮಳೆ ಕುಡಿದು ಸವೆದ ಹೆಂಚಿನ ಪಕ್ಕ ಹೊಸ ಗಾಜು ಇಟ್ಟರೆ ಸಂದಿ ಉಳಿಯದೆ ಇರುತ್ತದಾ? ನಮ್ಮದರಲ್ಲಿ ಒಂದು ನಾಣ್ಯ ತೂರುವಷ್ಟು ಉಳಿದಿತ್ತು. ಬರೀ ಮಳೆಯಾದರೆ ತಡೆಯುತ್ತಿತ್ತೇನೋ, ಕಕ್ಕಡದ ಗಾಳಿ ನೀರನ್ನು ಮೇಲ್ಮುಖವಾಗಿ ನುಗ್ಗಿಸುತ್ತದೆ.

ಮಳೆ ನಿಂತ ಕೂಡಲೇ ಇದನ್ನು ತೆಗೆದು ಮಣ್ಣಿನ ಹೆಂಚೇ ಹಾಕುವುದು ಅಂತ ತೀರ್ಮಾನ ಮಾಡಿದ್ದೆ. ಆದರೆ ಕೆಲಸ ಮುಂದಕ್ಕೆ ಹೋಗುತ್ತಾ ಹೋಗಿ ಹೊಸ ಭತ್ತದ ಹಬ್ಬ ಹುತ್ತರಿ ಬಂತು. ರಾತ್ರಿ ಗದ್ದೆಯಿಂದ ಕದಿರು ತೆಗೆದುಕೊಂಡು ಮನೆಗೆ ಬಂದೆವು. ಒಳಗೆ ಇನ್ನೂ ದೀಪ ಹಚ್ಚಿರಲಿಲ್ಲ. ನಡುಕೋಣೆಯ ನೆಲದ ಮೇಲೆ ಬೆಳದಿಂಗಳ ಒಂದು ಚೌಕ ಬಿದ್ದಿತ್ತು. ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಯಾರೂ ಸ್ವಿಚ್ಚಿಗೆ ಕೈ ಹಾಕಲಿಲ್ಲ. ಅತ್ತೆ ಕದಿರನ್ನು ಒಂದು ನಿಮಿಷ ಆ ಬೆಳಕಿನಲ್ಲಿ ಹಿಡಿದು ನೋಡಿ, ಆಮೇಲೆ ದೇವರ ಕೋಣೆಗೆ ತೆಗೆದುಕೊಂಡು ಹೋದರು. ಹೆಂಚು ತೆಗೆಯುವ ಮಾತನ್ನು ನಾನು ಮತ್ತೆ ಆಡಲಿಲ್ಲ.

ಎರಡನೇ ವರ್ಷ ಸಂದಿಗೆ ಸಿಲಿಕೋನ್ ಅಂಟು ಹಚ್ಚಿದೆ. ದಯವಿಟ್ಟು ನೀವು ಹಚ್ಚಬೇಡಿ. ಪಾಚಿ ಹಿಡಿದ ಹಳೇ ಮಣ್ಣಿಗೆ ಅದು ಅಂಟುವುದಿಲ್ಲ, ಜುಲೈ ಹೊತ್ತಿಗೆ ಸಿಪ್ಪೆಯ ಹಾಗೆ ಎದ್ದು ಬಂತು. ಗಾಜಿಗೆ ಮಾತ್ರ ಗಟ್ಟಿಯಾಗಿ ಹಿಡಿದಿತ್ತು. ಬ್ಲೇಡಿನಲ್ಲಿ ಕೆರೆದು ತೆಗೆಯಲು ಎರಡು ಸಂಜೆ ಬೇಕಾಯಿತು.

ಸರಿಯಾದ ದಾರಿ ಹೇಳಿದ್ದು ಪಕ್ಕದೂರಿನ ವಯಸ್ಸಾದ ಆಚಾರಿ. ಮಾಡನ್ನು ಒಮ್ಮೆ ನೋಡಿ, ‘ಇದನ್ನ ಮೇಲಕ್ಕೆ ಹಾಕಿ ಅಕ್ಕ. ಕೆಳಗೆ ಬಂದಷ್ಟೂ ನೀರು ಜಾಸ್ತಿ ಅಲ್ವಾ?’ ಅಂದರು. ನಾನು ಹಾಕಿದ್ದು ತುದಿಯಿಂದ ಏಳನೇ ಸಾಲಿನಲ್ಲಿ. ಮೇಲಿನ ಆರು ಸಾಲಿನ ನೀರೆಲ್ಲ ಅದರ ಮೇಲೇ ಹರಿಯುತ್ತಿತ್ತು. ಎರಡನೇ ಸಾಲಿಗೆ ಹಾಕಿದರೆ ಮೇಲಿಂದ ಬರುವುದು ಒಂದೇ ಸಾಲಿನ ನೀರು. ಜತೆಗೆ ಕೊಟ್ಟಿಗೆ ಹಿಂದೆ ಪೇರಿಸಿಟ್ಟಿದ್ದ ಹಳೇ ಹೆಂಚುಗಳನ್ನು ಅಂಗಳದಲ್ಲಿ ಹರವಿದೆ. ಒಂದೊಂದನ್ನೇ ಗಾಜಿನ ಪಕ್ಕ ಇಟ್ಟು, ಅಲ್ಲಾಡಿಸಿ, ಸಂದಿಯಲ್ಲಿ ಬೆಳಕು ಕಾಣುತ್ತದಾ ಅಂತ ಬಗ್ಗಿ ನೋಡಿದೆ. ಮೂವತ್ತರಲ್ಲಿ ನಾಲ್ಕು ಮಾತ್ರ ಗಟ್ಟಿಯಾಗಿ ಕೂತವು. ಆ ನಾಲ್ಕನ್ನೇ ಸುತ್ತ ಹಾಕಿದೆ. ಇಡೀ ದಿನದ ಕೆಲಸ, ಖರ್ಚು ಸೊನ್ನೆ.

ಈ ಮಳೆಗಾಲದಲ್ಲಿ ಒಂದು ಹನಿಯೂ ಬೀಳಲಿಲ್ಲ. ಎತ್ತರ ಜಾಸ್ತಿಯಾದ್ದರಿಂದ ಬಿಸಿಲ ಚೌಕದ ಅಂಚು ಮೊದಲಿನಷ್ಟು ಚೂಪಾಗಿಲ್ಲ. ಆದರೆ ಕೋಣೆಯ ಮೂಲೆಗಳಿಗೂ ಬೆಳಕು ತಲುಪುತ್ತದೆ. ಆಗಸ್ಟಿನಲ್ಲಿ ಕರೆಂಟಿಲ್ಲದ ದಿನ, ಹೊರಗೆ ಮೋಡ ಕವಿದು ಕತ್ತಲಾಗಿದ್ದಾಗಲೂ ಅತ್ತೆ ಗೋಡೆ ಮುಟ್ಟದೆ ಅಡುಗೆಮನೆಗೆ ನಡೆದು ಬಂದರು. ನನಗೆ ಅದಕ್ಕಿಂತ ದೊಡ್ಡ ಲಾಭ ಬೇಡ.

ವರ್ಷಕ್ಕೊಮ್ಮೆ ತೊಳೆಯಲೇಬೇಕು. ಮಳೆ ಮುಗಿಯುವಾಗ ಹೊರಮೈಗೆ ಹಸಿರು ಪಾಚಿ ಹಿಡಿದಿರುತ್ತದೆ. ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ನೆಂಟರು ಬರುವ ಮೊದಲು ಒಳಗಿನಿಂದಲೇ ಕಳಚಿ, ಅಂಗಳದಲ್ಲಿಟ್ಟು, ತೆಂಗಿನ ನಾರು ಮತ್ತು ಸೋಪಿನಲ್ಲಿ ಉಜ್ಜುತ್ತೇನೆ. ಜನವರಿ ಬೆಳಿಗ್ಗೆ ಒಳಮೈಯಲ್ಲಿ ಹನಿ ಕಂಡರೆ ಹೆದರಬೇಡಿ, ಅದು ಚಳಿಗೆ ಕಟ್ಟಿದ ಇಬ್ಬನಿ. ಸೌದೆ ಒಲೆಯ ಮೇಲೆ ಮಾತ್ರ ಹಾಕಬೇಡಿ, ಮಸಿ ಹಿಡಿಯುತ್ತದೆ. ಒಮ್ಮೆ ಸಿಲ್ವರ್ ಓಕ್ ಕೊಂಬೆ ಬಿದ್ದು ಪಕ್ಕದ ಮಣ್ಣಿನ ಹೆಂಚು ಒಡೆಯಿತು, ಗಾಜಿಗೆ ಏನೂ ಆಗಲಿಲ್ಲ.

ಗ್ಯಾಸ್ ಒಲೆ ಇರುವ ಅಡುಗೆಮನೆಗೆ ಇನ್ನೆರಡು ತಂದಿಟ್ಟಿದ್ದೇನೆ. ಈ ಸಲ ನಮ್ಮ ಹಳೇ ಹೆಂಚೊಂದನ್ನು ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋದೆ. ಅಲ್ಲೇ ನೆಲದ ಮೇಲೆ ಜೋಡಿಸಿ ನೋಡಿ, ಎಂಟರಲ್ಲಿ ಎರಡನ್ನು ಆರಿಸಿಕೊಂಡು ಬಂದೆ.