ಲಂಗರು ಹಾಕುವುದನ್ನು ಕಲಿಸುವವರ ಹತ್ತಿರವೇ ಬೋಟ್ ತಗೊಳ್ಳಿ: ಮೆನೋರ್ಕಾದಿಂದ ಒಂದು ವಿಮರ್ಶೆ

ಸ್ಪೇನ್‌ನ ಮೆನೋರ್ಕಾ ದ್ವೀಪಕ್ಕೆ ಈಜಲೆಂದೇ ಹೋಗುವವರು ಒಂದು ದಿನವನ್ನು ಬಾಡಿಗೆ ಬೋಟ್‌ಗೆ ಎತ್ತಿಡಿ. ನಾವೇ ಓಡಿಸುವ ಪುಟ್ಟ ಬೋಟ್, ಲೈಸೆನ್ಸ್ ಬೇಡ. ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಗಂಡ, ಹತ್ತು ವರ್ಷದ ಮಗಳು, ಕುಮಟಾದಿಂದ ನಮ್ಮ ಜೊತೆ ಇರಲು ಬಂದಿದ್ದ ಅಕ್ಕ ಹೋಗಿದ್ದೆವು. ದಕ್ಷಿಣ ತೀರದ ಕಾಲಾ ಗಾಲ್ದಾನಾದಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸ್. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬೋಟ್ ಹಳೆಯದೇ ಆಗಿತ್ತು, ಆದರೆ ಕೊಟ್ಟವರು ಕಲಿಸಿ ಕಳಿಸಿದ ರೀತಿ ಬಹಳ ಚೆನ್ನಾಗಿತ್ತು. ಈ ಬರಹದಲ್ಲಿ ಅದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು ನಿಯಮ. ಸ್ಪೇನ್‌ನಲ್ಲಿ ಲೈಸೆನ್ಸ್ ಇಲ್ಲದೆ ಓಡಿಸುವ ಬೋಟ್ 5 ಮೀಟರ್‌ಗಿಂತ ಉದ್ದ ಇರಬಾರದು, ಎಂಜಿನ್ 15 ಎಚ್‌ಪಿ ದಾಟಬಾರದು. ಹಗಲಲ್ಲಿ ಮಾತ್ರ ಓಡಿಸಬೇಕು. ಬಂದರು ಅಥವಾ ಆಸರೆ ಸಿಗುವ ಜಾಗದಿಂದ 2 ನಾಟಿಕಲ್ ಮೈಲಿ, ಅಂದರೆ ಸುಮಾರು 3.7 ಕಿ.ಮೀ. ದಾಟಬಾರದು. ಇಷ್ಟರೊಳಗೆ ಇದ್ದರೆ ದೊಡ್ಡವರಿಗೆ ಲೈಸೆನ್ಸ್ ಬೇಕಿಲ್ಲ. ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಗ್ರೀಸ್‌ನಲ್ಲಿ 30 ಎಚ್‌ಪಿವರೆಗೆ ಲೈಸೆನ್ಸ್ ಇಲ್ಲದೆ ಕೊಡುತ್ತಾರೆ. ಕ್ರೊವೇಷಿಯಾದಲ್ಲಿ ಸಣ್ಣ ಮೋಟಾರ್ ಬೋಟ್‌ಗೂ ಸಾಮಾನ್ಯವಾಗಿ ಲೈಸೆನ್ಸ್ ಕೇಳುತ್ತಾರೆ. ಬುಕ್ ಮಾಡುವ ಮುಂಚೆ ಆಯಾ ದೇಶದ ನಿಯಮ ನೋಡಿಕೊಳ್ಳಿ. ಇನ್ನು 15 ಎಚ್‌ಪಿ ಕಡಿಮೆ ಆಗುತ್ತದೇನೋ ಎಂಬ ಚಿಂತೆ ಬೇಡ. ನಾಲ್ಕು ಜನ ಕೂತರೆ ಬೋಟ್ ನಿಧಾನ ಹೋಗುತ್ತದೆ, ನಿಜ. ಈಜಲು ಹೋಗುವವರಿಗೆ ವೇಗ ಯಾಕೆ ಬೇಕು?

ಮೆನೋರ್ಕಾದ ದಕ್ಷಿಣ ತೀರ ಪೂರ್ತಿ ಸುಣ್ಣಕಲ್ಲಿನದು. ನೀರು ಆ ಕಲ್ಲನ್ನು ಕೊರೆದು ಕಣಿವೆಗಳನ್ನು ಮಾಡಿದೆ. ಪ್ರತಿ ಕಣಿವೆ ಸಮುದ್ರಕ್ಕೆ ಸೇರುವಲ್ಲಿ ಒಂದು ಪುಟ್ಟ ಕೊಲ್ಲಿ. ಎರಡೂ ಕಡೆ ಎತ್ತರದ ಬಂಡೆ, ಅದರ ಮೇಲೆ ಪೈನ್ ಮರ, ಕೆಳಗೆ ಬಿಳಿ ಮರಳು. ಗಾಲ್ದಾನಾದಿಂದ ಪಶ್ಚಿಮಕ್ಕೆ ಹೋದರೆ ಮಕರೆಲ್ಲಾ, ಮಕರೆಲ್ಲೆಟಾ, ಆಮೇಲೆ ತುರ್ಕೆಟಾ. ಪೂರ್ವಕ್ಕೆ ಹೋದರೆ ಮಿಟ್ಜಾನಾ, ಟ್ರೆಬಲೂಗರ್. ಇಡೀ ದ್ವೀಪವನ್ನು ಸುತ್ತುವ 185 ಕಿ.ಮೀ. ಕಾಲುದಾರಿ ಇದೆ, ಕಾಮಿ ದೆ ಕವಾಲ್ಸ್ ಅಂತ. ಅದರಲ್ಲಿ ನಡೆದೂ ಈ ಕೊಲ್ಲಿಗಳನ್ನು ತಲುಪಬಹುದು. ಆದರೆ ಬಿಸಿಲಲ್ಲಿ ನಡೆದು, ಮರಳಲ್ಲಿ ಟವೆಲ್ ಹಾಕಲು ಜಾಗ ಹುಡುಕಿ, ಆಮೇಲೆ ಜನರ ಮಧ್ಯೆ ನೀರಿಗಿಳಿಯಬೇಕು. ಬೋಟ್‌ನಲ್ಲಿ ಹೋದರೆ ಕೊಲ್ಲಿಯ ಬಾಯಲ್ಲೇ, ಆಳದ ನೀಲಿ ನೀರಿಗೆ ನೇರವಾಗಿ ಇಳಿಯಬಹುದು. ಮೊಣಕಾಲು ನೋವಿರುವ ನನ್ನ ಅಕ್ಕನಿಗಂತೂ ಆ ಕಾಲುದಾರಿ ಸಾಧ್ಯವೇ ಇರಲಿಲ್ಲ.

ಈಗ ಮುಖ್ಯ ವಿಷಯ. ಗಾಲ್ದಾನಾದಲ್ಲಿ ಒಂದು ಹೊಳೆ ಬಂದು ಸಮುದ್ರ ಸೇರುತ್ತದೆ. ಆ ಹೊಳೆಯೊಳಗೇ ಬೋಟ್‌ಗಳನ್ನು ಕಟ್ಟಿರುತ್ತಾರೆ. ನಮಗೆ ಬೋಟ್ ಕೊಟ್ಟ ಹುಡುಗಿ ಮೊದಲು ಫೋನ್ ತೆಗೆದು ಬೋಟ್‌ನ ಸುತ್ತ ವಿಡಿಯೋ ಮಾಡಿದಳು. ಎಲ್ಲೆಲ್ಲಿ ಗೀರು ಇದೆ, ಪ್ರೊಪೆಲ್ಲರ್ ಹೇಗಿದೆ, ಎಲ್ಲ ತೋರಿಸಿ ನಮಗೂ ಫೋಟೋ ತೆಗೆದುಕೊಳ್ಳಲು ಹೇಳಿದಳು. ಆಮೇಲೆ ಎಂಜಿನ್. ಮುಂದೆ, ನ್ಯೂಟ್ರಲ್, ಹಿಂದೆ. ಮುಂದಿನಿಂದ ಹಿಂದಕ್ಕೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಒಂದು ಉಸಿರಿನಷ್ಟು ಹೊತ್ತು ನಿಲ್ಲಿಸಬೇಕು. ಓಡಿಸುವವರ ಕಾಲಿಗೋ ಕೈಗೋ ಕೆಂಪು ಸುರುಳಿ ಹಗ್ಗ ಕಟ್ಟಿರಲೇಬೇಕು, ಅವರು ಜಾರಿ ನೀರಿಗೆ ಬಿದ್ದರೆ ಅದು ಕಿತ್ತು ಎಂಜಿನ್ ತಾನಾಗಿ ನಿಲ್ಲುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ಈ ಹುಡುಗಿ ಇಷ್ಟಕ್ಕೆ ಬಿಡಲಿಲ್ಲ. ನಮ್ಮ ಜೊತೆ ಬೋಟ್ ಹತ್ತಿ ಹೊಳೆಯ ಬಾಯಿ ದಾಟಿ ಕೊಲ್ಲಿಗೆ ಬಂದಳು. ಲಂಗರು ಹಾಕಿಸಿದಳು, ಎತ್ತಿಸಿದಳು, ಮತ್ತೆ ಹಾಕಿಸಿದಳು. ಗಾಳಿ ಬರುವ ಕಡೆಗೆ ಮುಖ ಮಾಡಿ ನಿಧಾನ ಹೋಗಿ ನಿಲ್ಲಿಸಬೇಕು. ಲಂಗರನ್ನು ಎಸೆಯಬಾರದು, ಕೈಯಿಂದ ಇಳಿಸಬೇಕು. ಬೋಟ್ ಗಾಳಿಗೆ ಹಿಂದೆ ಸರಿಯುತ್ತಿದ್ದ ಹಾಗೆ ಹಗ್ಗ ಬಿಡುತ್ತಾ ಹೋಗಬೇಕು. ನೀರು 5 ಮೀಟರ್ ಆಳ ಇದ್ದರೆ ಹಗ್ಗ 15 ಮೀಟರ್ ಆದರೂ ಬೇಕು, ಗಾಳಿ ಇದ್ದರೆ 20-25. ನೇರ ಕೆಳಗೆ ಬಿಟ್ಟರೆ ಲಂಗರು ಮರಳಿಗೆ ಕಚ್ಚುವುದಿಲ್ಲ. ಹಗ್ಗ ಓರೆಯಾಗಿ ಎಳೆದಾಗಲೇ ಅದರ ಮೊನೆ ಮರಳೊಳಗೆ ಹೂತುಕೊಳ್ಳುವುದು. ಕೊನೆಗೆ ಸ್ವಲ್ಪ ರಿವರ್ಸ್ ಕೊಟ್ಟು ಎಳೆದು ನೋಡಬೇಕು. ಆಮೇಲೆ ಬೋಟ್‌ನ ಪಕ್ಕದ ದಡದಲ್ಲಿ ಒಂದರ ಹಿಂದೆ ಒಂದು ಇರುವ ಎರಡು ಗುರುತು ಹಿಡಿಯಬೇಕು. ಒಂದು ಬಂಡೆ, ಹಿಂದೆ ಒಂದು ಮರ. ಅವೆರಡೂ ಒಂದೇ ಗೆರೆಯಲ್ಲಿ ಇರುವವರೆಗೆ ಬೋಟ್ ನಿಂತಿದೆ ಎಂದು ಅರ್ಥ.

ಬೋಟ್‌ನಿಂದ ಈಜುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ. ಎಲ್ಲರೂ ನೀರಲ್ಲಿ ಇರುವಾಗ ಬೋಟ್ ಬಂಡೆಯ ಕಡೆಗೋ ಆಚೆ ಸಮುದ್ರಕ್ಕೋ ಸರಿದರೆ ಏನು ಗತಿ? ಖಾಲಿ ಬೋಟ್ ಗಾಳಿಗೆ ಹೋಗುವ ವೇಗಕ್ಕೆ ಒಳ್ಳೆಯ ಈಜುಗಾರನೂ ಸಮ ಆಗುವುದಿಲ್ಲ. ಹಿಂದಿನ ವರ್ಷ ಬೇರೆ ದ್ವೀಪದಲ್ಲಿ ಬೇರೊಂದು ಅಂಗಡಿಯಿಂದ ಬೋಟ್ ತೆಗೆದುಕೊಂಡಿದ್ದೆವು. ಬೋಟ್ ಹೊಸದು, ಮೆತ್ತನೆ ಸೀಟು, ಹಾಡು ಕೇಳಲು ಸ್ಪೀಕರ್. ಆದರೆ ಆ ಮನುಷ್ಯ ಕಟ್ಟೆಯ ಮೇಲೆ ನಿಂತೇ ಕೀ ಕೊಟ್ಟ. ಲಂಗರು ಪೆಟ್ಟಿಗೆಯಲ್ಲಿದೆ ಎಂದಷ್ಟೇ ಹೇಳಿದ. ವಾಪಸ್ ಬಂದಾಗ ಪ್ರೊಪೆಲ್ಲರ್‌ನಲ್ಲಿ ಗೀರು ಇದೆ ಎಂದು ಡಿಪಾಸಿಟ್‌ನಿಂದ ದುಡ್ಡು ಹಿಡಿದುಕೊಂಡ. ಅದು ಮೊದಲೇ ಇದ್ದ ಗೀರು. ದುಡ್ಡು ಹೋದದ್ದಕ್ಕಿಂತ, ಮಗು ಇರುವ ಸಂಸಾರವನ್ನು ಏನೂ ಕಲಿಸದೆ ಸಮುದ್ರಕ್ಕೆ ಕಳಿಸಿದನಲ್ಲ ಎಂಬುದಕ್ಕೇ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಲಂಗರು ಎಲ್ಲಿ ಹಾಕಬೇಕು ಎಂಬುದೂ ಅಷ್ಟೇ ಮುಖ್ಯ. ಇಲ್ಲಿ ಸಮುದ್ರದ ತಳದಲ್ಲಿ ಪೊಸಿಡೋನಿಯಾ ಎಂಬ ಗಿಡ ಬೆಳೆಯುತ್ತದೆ. ಅದು ಪಾಚಿ ಅಲ್ಲ. ಬೇರು, ಎಲೆ, ಹೂವು, ಕಾಯಿ ಎಲ್ಲ ಇರುವ ನಿಜವಾದ ಗಿಡ, ಇಲ್ಲಿನ ಜಾತಿ ಮೆಡಿಟರೇನಿಯನ್ ಸಮುದ್ರ ಬಿಟ್ಟು ಬೇರೆಲ್ಲೂ ಇಲ್ಲ. ಈಜುವ ಕನ್ನಡಕ ಹಾಕಿ ನೀರೊಳಗೆ ನೋಡಿದರೆ ಗಾಳಿಗೆ ತೂಗುವ ಭತ್ತದ ಗದ್ದೆಯ ಹಾಗೆ ಕಾಣುತ್ತದೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುತ್ತದೆ. ಒಂದು ಲಂಗರು ಕಿತ್ತುಹಾಕಿದ್ದು ಮತ್ತೆ ತುಂಬಲು ಎಷ್ಟು ವರ್ಷ ಬೇಕು, ನೀವೇ ಲೆಕ್ಕ ಹಾಕಿ. ಅದಕ್ಕೇ ಮೆನೋರ್ಕಾ ಸೇರಿದ ಬಾಲೆಯರಿಕ್ ದ್ವೀಪಗಳ ಸರ್ಕಾರ 2018ರಲ್ಲಿ ಪೊಸಿಡೋನಿಯಾದ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿತು. ದಂಡ ಇದೆ. ಬೋಟ್‌ನಿಂದ ಬಗ್ಗಿ ನೋಡಿದರೆ ತಿಳಿಯುತ್ತದೆ: ಕಪ್ಪಗೆ ಕಂಡರೆ ಗಿಡ ಅಥವಾ ಬಂಡೆ, ತಿಳಿ ಹಸಿರು-ನೀಲಿ ಕಂಡರೆ ಬರೀ ಮರಳು. ಮರಳಿಗೇ ಹಾಕಬೇಕು. ನನ್ನ ಮಗಳಿಗೆ ಆ ಕೆಲಸ ಕೊಟ್ಟೆವು. ಮುಂದೆ ಬೋರಲು ಮಲಗಿ "ಮರಳು, ಮರಳು, ಇಲ್ಲ ಗಿಡ, ಮುಂದೆ ಹೋಗಿ" ಎಂದು ದಾರಿ ತೋರಿಸಿದಳು.

ಈ ನೀರು ಇಷ್ಟು ತಿಳಿಯಾಗಿರಲು ಆ ಗಿಡವೂ ಕಾರಣ. ನೀರಲ್ಲಿ ತೇಲುವ ಸಣ್ಣ ಕಣಗಳನ್ನು ಅದರ ಎಲೆಗಳು ತಡೆದು ತಳಕ್ಕೆ ಇಳಿಸುತ್ತವೆ. ಜೊತೆಗೆ ಮೆನೋರ್ಕಾದಲ್ಲಿ ಮಣ್ಣು ಹೊತ್ತು ತರುವ ದೊಡ್ಡ ನದಿ ಇಲ್ಲ. ನಾವು ಅಘನಾಶಿನಿಯ ಬಾಯಲ್ಲಿ ಬೆಳೆದವರು. ನಮ್ಮಲ್ಲಿ ಮಳೆಗಾಲದಲ್ಲಿ ಸಮುದ್ರ ಕೆಂಪಗಾಗುತ್ತದೆ, ಉಬ್ಬರ-ಇಳಿತಕ್ಕೆ ದಡವೇ ಹಿಂದೆ ಮುಂದೆ ಹೋಗುತ್ತದೆ. ಇಲ್ಲಿ ಉಬ್ಬರ-ಇಳಿತ ಹೆಚ್ಚೂಕಡಿಮೆ ಇಲ್ಲವೇ ಇಲ್ಲ. ಬೆಳಿಗ್ಗೆ 4 ಮೀಟರ್ ಆಳ ಇದ್ದ ಜಾಗ ಸಂಜೆಯೂ ಅಷ್ಟೇ. ಲಂಗರು ಹಾಕುವವರಿಗೆ ಎಷ್ಟು ಅನುಕೂಲ ಅಲ್ವಾ?

ನಾವು ಮೊದಲು ಮಕರೆಲ್ಲಾಕ್ಕೆ ಹೋದೆವು. ಬೇಗ ಹೋಗಿದ್ದಕ್ಕೆ ಜಾಗ ಸಿಕ್ಕಿತು. ಈಜುವವರಿಗೆಂದು ಹಳದಿ ಬೋಯ್, ಅಂದರೆ ತೇಲುವ ಗುರುತುಗಳ ಸಾಲು ಹಾಕಿರುತ್ತಾರೆ, ಅದರೊಳಗೆ ಬೋಟ್ ಹೋಗುವಂತಿಲ್ಲ. ಬೋಯ್ ಇಲ್ಲದ ಕಡೆ ಮರಳು ದಡದಿಂದ 200 ಮೀಟರ್, ಬಂಡೆ ದಡದಿಂದ 50 ಮೀಟರ್ ಒಳಗೆ 3 ನಾಟ್‌ಗಿಂತ, ಅಂದರೆ ಗಂಟೆಗೆ ಸುಮಾರು 5.5 ಕಿ.ಮೀ.ಗಿಂತ ವೇಗ ಹೋಗಬಾರದು. ನಾವು ಸಾಲಿನಿಂದ ಸಾಕಷ್ಟು ಹೊರಗೆ ನಿಂತೆವು. ಎಂಜಿನ್ ನಿಲ್ಲಿಸಿ, ಕೀ ತೆಗೆದು ಅಕ್ಕನ ಕೈಗೆ ಕೊಟ್ಟು, ಆಮೇಲೆ ಏಣಿ ಇಳಿಸಿದೆವು. ಕೀ ಬೋಟ್‌ನಲ್ಲಿ ಕೂತವರ ಕೈಗೆ ಬರುವವರೆಗೂ ಯಾರೂ ನೀರಿಗೆ ಇಳಿಯಬಾರದು ಎಂದು ಆ ಹುಡುಗಿ ಹೇಳಿಕೊಟ್ಟಿದ್ದಳು. ಪ್ರೊಪೆಲ್ಲರ್ ಇರುವ ಕಡೆಯೇ ಏಣಿಯೂ ಇರುತ್ತದೆ ನೋಡಿ.

ಅಕ್ಕನಿಗೆ ಈಜು ಬರುವುದಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು, ಬಟ್ಟೆಯ ಚಪ್ಪರದ ಕೆಳಗೆ ಕೂತು, ಆ ಎರಡು ಗುರುತು ನೋಡುವ ಕೆಲಸ ತಾನೇ ವಹಿಸಿಕೊಂಡಳು. ನಾವು ಈಜುತ್ತಾ ಬಂಡೆಯ ಬದಿಗೆ ಹೋಗಿದ್ದಾಗ ಕೂಗಿದಳು: "ತಂಗೀ, ಗುಹೆ ಬಾಯಿಂದ ಆ ಮರ ಆಚೆ ಹೋಗ್ತಾ ಇದೆ, ಬೇಗ ಬನ್ನಿ!" ತೆಂಕಣ ಗಾಳಿ ಎದ್ದಿತ್ತು. ಗಂಡ ಬೋಟ್ ಹತ್ತಿ ಇನ್ನಷ್ಟು ಹಗ್ಗ ಬಿಟ್ಟರು. ಲಂಗರು ಮತ್ತೆ ಕಚ್ಚಿತು. ಈಜು ಬಾರದವರಿಗೆ ಬೋಟ್‌ನಲ್ಲಿ ಏನು ಕೆಲಸ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಬ್ಬರು ಯಾವಾಗಲೂ ಬೋಟ್‌ನಲ್ಲೇ ಇರಬೇಕು.

ಆ ಬಂಡೆಯ ಬದಿಯ ಈಜು ನನ್ನ ಪಾಲಿಗೆ ಈ ಪ್ರವಾಸದ ಅತಿ ದೊಡ್ಡ ಸಂತೋಷ. ಕೆಳಗೆ ಬಿಳಿ ಮರಳಿನ ಮೇಲೆ ನನ್ನದೇ ನೆರಳು ಜೊತೆಗೆ ಈಜುತ್ತಿತ್ತು. ಬಂಡೆ ನೀರೊಳಗೆ ಇಳಿಯುವಲ್ಲಿ ಹಸಿರು ಮೈಗೆ ನೀಲಿ ಗೆರೆ ಇರುವ ಮೀನುಗಳು ಓಡಾಡುತ್ತಿದ್ದವು. ಸೆಪ್ಟೆಂಬರ್‌ನಲ್ಲಿ ನೀರು ಸುಮಾರು 25 ಡಿಗ್ರಿ. ಚಳಿ ಇಲ್ಲ, ಎಷ್ಟು ಹೊತ್ತು ಬೇಕಾದರೂ ಇರಬಹುದು. ಬೋಯ್ ಸಾಲಿನ ಹೊರಗೆ ಈಜುವಾಗ ಸೊಂಟಕ್ಕೆ ಕಿತ್ತಳೆ ಬಣ್ಣದ ತೇಲುವ ಚೀಲ ಕಟ್ಟಿಕೊಳ್ಳಿ. ಬೇರೆ ಬೋಟ್‌ನವರಿಗೆ ನೀರಲ್ಲಿ ಬರೀ ತಲೆ ಕಾಣುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಕರೆಲ್ಲಾ ಬೋಟ್‌ಗಳಿಂದ ತುಂಬಿಹೋಯಿತು. ನಾವು ಪೂರ್ವಕ್ಕೆ, ಟ್ರೆಬಲೂಗರ್‌ಗೆ ಹೊರಟೆವು. ಅಲ್ಲಿಗೆ ರಸ್ತೆ ಇಲ್ಲ, ಅಂಗಡಿ ಇಲ್ಲ. ನೀರು, ಊಟ ನಾವೇ ಒಯ್ಯಬೇಕು. ಅಕ್ಕ ಕಲಸಿ ತಂದಿದ್ದ ಅವಲಕ್ಕಿ, ಮೊಸರು, ಮಾವಿನಮಿಡಿ ಉಪ್ಪಿನಕಾಯಿ ಅಲ್ಲಿ ತಿಂದೆವು. ಮಗಳು ಅಪ್ಪನ ಜೊತೆ ದಡದವರೆಗೂ ಈಜಿ ಹೋಗಿ ಬಂದಳು. ಈಜು ಕಲಿತ ಮಗುವಿಗೆ ಕೊಳದ ಹೊರಗೆ ಅಷ್ಟು ದೂರ ಹೋಗುವ ಧೈರ್ಯ ಬರಬೇಕಾದರೆ ಇಂಥ ಶಾಂತ, ತಳ ಕಾಣುವ ನೀರೇ ಬೇಕು.

ಗಾಳಿಯ ವಿಷಯ ಮರೆಯಬೇಡಿ. ಮೆನೋರ್ಕಾದ ಹೆಸರಾಂತ ಗಾಳಿ ಉತ್ತರದಿಂದ ಬೀಸುವ ತ್ರಮುಂತಾನಾ. ಅದು ಬೀಸುವಾಗ ಉತ್ತರ ತೀರ ಬೇಡವೇ ಬೇಡ, ದಕ್ಷಿಣದ ಕೊಲ್ಲಿಗಳು ದ್ವೀಪದ ಮರೆಯಲ್ಲಿ ಶಾಂತವಾಗಿರುತ್ತವೆ. ಆದರೆ ಆಗ ಬೋಟ್ ಸರಿದರೆ ನೇರ ಹೊರ ಸಮುದ್ರಕ್ಕೇ. ದಕ್ಷಿಣದ ಗಾಳಿ ಇದ್ದರೆ ಅಲೆ ಸೀದಾ ಕೊಲ್ಲಿಯೊಳಗೆ ಬರುತ್ತದೆ. ಅಂಥ ದಿನ ದುಡ್ಡು ವಾಪಸ್ ಕೊಡುತ್ತಾರಾ, ದಿನ ಬದಲಿಸುತ್ತಾರಾ ಎಂದು ಬುಕ್ ಮಾಡುವಾಗಲೇ ಕೇಳಿ. ನಮ್ಮವರು ಹಿಂದಿನ ಸಂಜೆಯೇ ಫೋನ್ ಮಾಡಿ, ಗಾಳಿ ನೋಡಿಕೊಂಡು, ಒಂದು ಗಂಟೆ ಬೇಗ ಬನ್ನಿ ಅಂದಿದ್ದರು. ಅದು ನನಗೆ ಬಹಳ ಇಷ್ಟವಾಯಿತು.

ಕೊರತೆಗಳೂ ಇದ್ದವು. ಚಪ್ಪರದ ಬಟ್ಟೆ ಒಂದು ಕಡೆ ಹರಿದು ಅಕ್ಕನ ಭುಜದ ಮೇಲೆ ಬಿಸಿಲು ಬೀಳುತ್ತಿತ್ತು. ಐಸ್ ಪೆಟ್ಟಿಗೆ ಕೊಡುತ್ತೇವೆ ಎಂದಿದ್ದರು, ಇರಲಿಲ್ಲ. ಏಣಿ ಗಿಡ್ಡ, ನೀರೊಳಗೆ ಎರಡೇ ಮೆಟ್ಟಿಲು. ತೋಳಲ್ಲಿ ಶಕ್ತಿ ಕಡಿಮೆ ಇರುವವರಿಗೆ ಹತ್ತುವುದು ಕಷ್ಟ. ಹತ್ತುವಾಗ ಜಾರುತ್ತದೆ ಬೇರೆ. ಶೌಚಾಲಯ ಈ ಗಾತ್ರದ ಬೋಟ್‌ನಲ್ಲಿ ಎಲ್ಲೂ ಇರುವುದಿಲ್ಲ, ಹಿರಿಯರನ್ನು ಕರೆದುಕೊಂಡು ಹೋಗುವವರು ಅರ್ಧ ದಿನಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಇಡೀ ದಿನಕ್ಕೆ ನಾವು ಕೊಟ್ಟದ್ದು 190 ಯೂರೋ. ಪೆಟ್ರೋಲ್ ಬೇರೆ, ಅದು 24 ಯೂರೋ ಆಯಿತು. ಡಿಪಾಸಿಟ್ 250. ಜುಲೈ, ಆಗಸ್ಟ್‌ನಲ್ಲಿ ಬಾಡಿಗೆ ಇದಕ್ಕಿಂತ ಜಾಸ್ತಿ. ವಾಪಸ್ ಬಂದಾಗ ಅದೇ ಹುಡುಗಿ ಬೆಳಗಿನ ವಿಡಿಯೋ ಜೊತೆ ಹೋಲಿಸಿ ನೋಡಿ, ನಮ್ಮ ಎದುರಲ್ಲೇ ಡಿಪಾಸಿಟ್ ಬಿಡಿಸಿದಳು. ಹರಿದ ಚಪ್ಪರ ತೋರಿಸಿದ್ದಕ್ಕೆ ಬರೆದುಕೊಂಡಳು. ನೀವು ಹೋಗುವಾಗ ಫೋನ್‌ನಲ್ಲಿ 112 ಮತ್ತು ಸ್ಪೇನ್‌ನ ಸಮುದ್ರ ರಕ್ಷಣಾ ಸೇವೆಯ 900 202 202 ಎರಡನ್ನೂ ಹಾಕಿಕೊಂಡಿರಿ, ನೀರು ಹೋಗದ ಚೀಲದಲ್ಲಿಟ್ಟು ಬೋಟ್‌ನಲ್ಲಿ ಕೂರುವವರ ಕೈಗೆ ಕೊಡಿ.